ಬಾಂಬು ಏರಿಸಿದವನ ಸಹಿ

ಇಲ್ಲಿ ಏನಾದರೂ ಬರೆದು ಹತ್ತಿರ ಹತ್ತಿರ ನಾಲ್ಕು ತಿಂಗಳಾಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ದೀಪಾವಳಿಗೆ ಊರಿಗೆ ಹೋಗಿ ಬಂದಾಗಿನಿಂದ ಒಂದೇ ವಿಷಯ ತಲೆಯಲ್ಲಿ ಕೂತಿದೆ. ಅದನ್ನು ಇಳಿಸದೆ ಬೇರೆ ಬರೆಯಲಾಗುತ್ತಿಲ್ಲ. ಸರಿ, ಇವತ್ತು ಇಳಿಸಿಯೇ ಬಿಡುತ್ತೇನೆ.

ನಮ್ಮದು ಇಂಡಿ. ಸೋದರಮಾವನ ಊರು ಸಿಂದಗಿ ತಾಲೂಕಿನ ಒಂದು ಹಳ್ಳಿ. ಮಾಮಾ ಏರ್‌ಫೋರ್ಸಿನಲ್ಲಿದ್ದವರು. ನಾವು ಹುಡುಗರಿದ್ದಾಗ ಜೋಳದ ಹೊಲದ ಮೇಲೆ ಎಲ್ಲೋ ಎತ್ತರದಲ್ಲಿ ವಿಮಾನ ಬಿಳಿ ಗೆರೆ ಎಳೆದುಕೊಂಡು ಹೋದರೆ "ಮಾಮಾ ಹೊಂಟಾರ" ಎಂದು ಕೂಗುತ್ತಿದ್ದೆವು. ಮಾಮಾ ಆ ಹೊತ್ತಿಗೆ ಪಿಂಚಣಿ ತಗೊಂಡು ಅದೇ ಹೊಲದಲ್ಲಿ ತೊಗರಿಗೆ ಔಷಧಿ ಹೊಡೆಯುತ್ತಿದ್ದರು ಅನ್ನೋದು ಬೇರೆ ಮಾತು! ಅವರು ಪೈಲಟ್ ಅಲ್ಲ, ಬಾಂಬರ್ ವಿಮಾನಕ್ಕೆ ಬಾಂಬು ಕಟ್ಟುವ ಆರ್ಮರರ್ ಆಗಿದ್ದರು ಎಂದು ಗೊತ್ತಾದಾಗ, ನಿಜ ಹೇಳಬೇಕೆಂದರೆ, ನಮಗೆ ಸ್ವಲ್ಪ ನಿರಾಸೆಯೇ ಆಗಿತ್ತು.

ಈಗ ಎರಡನೇ ಪಾತ್ರಧಾರಿ, ಒಂದು ಚಿತ್ರ. 2008ರಲ್ಲಿ ಪ್ರಾಜೆಕ್ಟಿನ ಮೇಲೆ ಲಂಡನ್ನಿಗೆ ಹೋಗಿದ್ದೆ. ಒಂದು ಶನಿವಾರ ಮಾಡಲು ಬೇರೆ ಕೆಲಸವಿಲ್ಲದೆ ಹೆಂಡನ್‌ನಲ್ಲಿರುವ ಆರ್‌ಎಎಫ್ ಮ್ಯೂಸಿಯಂ ನೋಡಲು ಹೋದೆ. ಅಲ್ಲಿ ಆರ್5868 ಅನ್ನುವ ಲ್ಯಾಂಕಾಸ್ಟರ್ ಬಾಂಬರ್ ನಿಂತಿದೆ. 137 ದಾಳಿ ಮುಗಿಸಿ ಉಳಿದುಕೊಂಡ ವಿಮಾನ. ಒಂದೊಂದು ದಾಳಿಗೆ ಒಂದೊಂದು ಪುಟ್ಟ ಬಾಂಬಿನ ಗುರುತನ್ನು ಮೂತಿಯ ಪಕ್ಕ ಸಾಲಾಗಿ ಬರೆದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ಅಂಥದ್ದರಲ್ಲಿ ಆ 137 ಗುರುತುಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆ ವಿಮಾನದಲ್ಲಿ ನಮ್ಮವರೊಬ್ಬರು ಹಾರಿದ್ದರು ಎಂಬುದು ನನಗೆ ಆಮೇಲೆ ತಿಳಿದದ್ದು. ಶೈಲೇಂದ್ರ ಏಕನಾಥ ಸುಖಠಣಕರ ಅಂತ, ನ್ಯಾವಿಗೇಟರ್. ಗುರಿಯನ್ನು ಮೊದಲು ಹುಡುಕಿ ಬೆಳಕಿನ ಗುರುತು ಹಾಕುವ ಪಾತ್‌ಫೈಂಡರ್ ದಳದವರು, ಡಿಎಫ್‌ಸಿ ಪದಕ ಪಡೆದವರು.

ಅದೇ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಅಚ್ಚರಿಯಿತ್ತು. ಬೆಂಗಳೂರಿನಿಂದ ಹೋದ ಲಿಬರೇಟರ್! ಯುದ್ಧ ಮುಗಿದಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಾಂಬರ್‌ಗಳನ್ನು ನಮ್ಮ ಎಚ್‌ಎಎಲ್ ಜನ ಹೇಗೋ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, 42 ವಿಮಾನಗಳಿಗೆ ಜೀವ ಕೊಟ್ಟರು. 1948ರಿಂದ 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿ ದುಡಿದವು. ಬ್ರಿಟಿಷರ ಕೈಯಲ್ಲಿ ಒಂದೂ ಉಳಿದಿರಲಿಲ್ಲವೇನೋ, 1974ರಲ್ಲಿ ನಾವೇ ಅವರಿಗೆ ಒಂದನ್ನು ಉಡುಗೊರೆ ಕೊಟ್ಟೆವು. ಗುಜರಿಗೆ ಹಾಕಿದ್ದನ್ನು ರಿಪೇರಿ ಮಾಡಿ, ಇಪ್ಪತ್ತು ವರ್ಷ ಓಡಿಸಿ, ವಾಪಸ್ ಕೊಡೋದು ಅಂದರೆ ನಮ್ಮೋರಿಂದ ಮಾತ್ರ ಸಾಧ್ಯ :-)

ಆ ಪ್ರವಾಸದ ಹುರುಪಿನಲ್ಲೇ ಒಂದು ಅಂಗಡಿಯಲ್ಲಿ ಲ್ಯಾಂಕಾಸ್ಟರ್ ಚಿತ್ರದ ಪ್ರಿಂಟೊಂದನ್ನು ಕೊಂಡೆ. ಈ ಪ್ರಿಂಟುಗಳದ್ದೇ ಒಂದು ಲೋಕ. ರಾಬರ್ಟ್ ಟೇಲರ್‌ನಂಥ ಕಲಾವಿದರು ಮೂಲಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆಯುತ್ತಾರೆ. ಅದರಿಂದ ಇಂತಿಷ್ಟೇ ಪ್ರತಿ ಎಂದು ಅಚ್ಚು ಹಾಕಿ, ಪ್ರತಿಯೊಂದಕ್ಕೂ ನಂಬರ್ ಕೊಡುತ್ತಾರೆ. ಆಮೇಲೆ ಆ ಥರದ ವಿಮಾನದಲ್ಲಿ ನಿಜವಾಗಿ ಯುದ್ಧಕ್ಕೆ ಹೋಗಿ ಬಂದ ಮುದುಕರನ್ನು ಕೂರಿಸಿ, ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಸಹಿ ಹಾಕಿಸುತ್ತಾರೆ. ಪೆನ್ಸಿಲೇ ಯಾಕೆ ಅಂದರೆ, ಅದು ಕೈಬರಹವೇ ಹೊರತು ಅಚ್ಚಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಇಂಕಿನಂತೆ ಮಾಸುವುದೂ ಇಲ್ಲ. ಸಹಿ ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ. ಹಾಕಿದವರು ತೀರಿಕೊಂಡರೆ ಇನ್ನೂ ಜಾಸ್ತಿ. ನನ್ನ ಪ್ರಿಂಟಿನಲ್ಲಿ ನಾಲ್ಕು ಸಹಿ: ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಬಾಲದ ಗನ್ನರ್. ಹದಿನೇಳು ವರ್ಷದಿಂದ ಬೆಂಗಳೂರಿನ ನಮ್ಮ ಹಾಲ್‌ನಲ್ಲಿ ತೂಗಿದೆ. ಬಂದವರಿಗೆಲ್ಲ ನಾಲ್ಕೂ ಸಹಿಯ ಕಥೆ ಹೇಳಿದ್ದೇನೆ. ಮಾಮಾನ ಕಥೆಯನ್ನು ಮಾತ್ರ ಒಮ್ಮೆಯೂ ಮಾಮಾನನ್ನು ಕೂರಿಸಿ ಕೇಳಿರಲಿಲ್ಲ.

ಈ ಸಲ ಅವರಿಗೆ ತೋರಿಸೋಣವೆಂದು ಫ್ರೇಮಿನಿಂದ ಬಿಚ್ಚಿ, ಸುತ್ತಿಕೊಂಡು ಹೋದೆ. ಮಾಮಾಗೆ ಈಗ ಎಂಬತ್ತೈದು ದಾಟಿದೆ. ಕಟ್ಟೆಯ ಮೇಲೆ ಚಿತ್ರ ಹರಡಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ವಿಮಾನ ಚೆನ್ನಾಗಿದೆ ಅನ್ನಲಿಲ್ಲ, ಬಣ್ಣ ಚೆನ್ನಾಗಿದೆ ಅನ್ನಲಿಲ್ಲ. ಸಹಿಗಳ ಮೇಲೆ ಬೆರಳಾಡಿಸಿ, "ಇವು ಯಾರ್ಯಾರ್ವು?" ಅಂದರು. ಹೇಳಿದೆ.

"ಬಾಂಬ್ ಏರಿಸಿದವಂದು ಎಲ್ಲೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅವರೇ ಶುರು ಮಾಡಿದರು. 1961ರ ಡಿಸೆಂಬರ್. ಪುಣೆಯಲ್ಲಿ ಕ್ಯಾನ್‌ಬೆರಾ ಬಾಂಬರ್‌ಗಳು. 17ರ ರಾತ್ರಿಯೆಲ್ಲ ಟ್ರಾಲಿಯ ಮೇಲೆ ಸಾವಿರ ಪೌಂಡಿನ ಬಾಂಬುಗಳನ್ನು ತಂದು, ಹೊಟ್ಟೆಯ ಕೆಳಗೆ ಬಗ್ಗಿ, ಎತ್ತಿ ಸಿಗಿಸುವುದು. ಪುಣೆಯ ಚಳಿಗೆ ಕಬ್ಬಿಣ ಮುಟ್ಟಿದರೆ ಬೆರಳು ಸೆಟೆಯುತ್ತಿತ್ತಂತೆ. ಎಲ್ಲಿಗೆ ಹೋಗುತ್ತೆ ಎಂದು ಯಾರೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತಂತೆ. ಬೆಳಿಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳತ್ವದಲ್ಲಿ ಹನ್ನೆರಡು ಕ್ಯಾನ್‌ಬೆರಾಗಳು ಹೋಗಿ ಗೋವಾದ ದಾಬೋಳಿಂ ರನ್‌ವೇ ಮೇಲೆ 63,000 ಪೌಂಡು ಬಾಂಬು ಸುರಿದು ಬಂದವು. ರನ್‌ವೇ ಮಾತ್ರ, ಟರ್ಮಿನಲ್ ಕಟ್ಟಡ ಮುಟ್ಟಬಾರದು ಎಂದು ಆಜ್ಞೆ.

"ಅಷ್ಟ್ ಹಾಕಿದ್ರೂ ಅವತ್ತ ರಾತ್ರಿ ಪೋರ್ಚುಗೀಸರು ತೆಗ್ಗ ಮುಚ್ಚಿ ಎರಡ ವಿಮಾನ ಹಾರಿಸ್ಕೊಂಡ ಹೋದ್ರು ನೋಡ" ಎಂದು ನಗುತ್ತಾರೆ. ನಿಜವೇ. ಎರಡು ಪ್ರಯಾಣಿಕ ವಿಮಾನಗಳು ಆ ಕತ್ತಲಲ್ಲಿ ಕರಾಚಿಗೆ ತಪ್ಪಿಸಿಕೊಂಡು ಹೋದವು. ಮಾಮಾಗೆ ಅದರಿಂದ ಬೇಸರವಿಲ್ಲ, ಖುಷಿ ಇದ್ದಂತಿತ್ತು. "ಹೆಣ್ಮಕ್ಳು ಹುಡುಗ್ರು ಇದ್ರಂತ ಅದ್ರಾಗ."

ಅವರು ನಗದೆ ಹೇಳಿದ್ದು ಇನ್ನೊಂದು ವಿಷಯ. ನಮ್ಮ ಕ್ಯಾನ್‌ಬೆರಾ ಬಾಂಬರ್‌ನಲ್ಲಿ ಇಬ್ಬರೇ. ಅಪಾಯ ಬಂದರೆ ಪೈಲಟ್‌ಗೆ ಸೀಟು ಸಮೇತ ಹಾರಿಕೊಳ್ಳುವ ವ್ಯವಸ್ಥೆ ಇತ್ತು. ಮೂತಿಯಲ್ಲಿ ಬೋರಲು ಮಲಗಿ ಗುರಿ ಹಿಡಿಯುವ ನ್ಯಾವಿಗೇಟರ್‌ಗೆ ಅದಿರಲಿಲ್ಲ, ಪಕ್ಕದ ಬಾಗಿಲೊಂದೇ ಗತಿ. "ನಾವು ಕೆಳಗ ನಿಂತ ಬಾಗಿಲಾ ಹಾಕೋದ ನೋಡ್ತಿದ್ವಿ. ಹೋದವ್ರು ಹೋದಷ್ಟ ಮಂದಿ ಬಂದ್ರೇನಂತ ಎಣಸೂದೂ ನಮ್ದ ಕೆಲಸ."

ನಾನು ಪೆನ್ಸಿಲ್ ತೆಗೆದು ಪ್ರಿಂಟಿನ ಅಂಚು ತೋರಿಸಿದೆ. ಐದನೇ ಸಹಿ ಹಾಕಿ ಮಾಮಾ ಅಂದೆ. ದೊಡ್ಡ ಔದಾರ್ಯ ತೋರಿಸಿದವನಂತೆ ಅಂದೆ ಕೂಡ. ಅವರು ಪೆನ್ಸಿಲ್ ವಾಪಸ್ ಕೊಟ್ಟರು. "ಇದಕ್ಕ ನಾ ಏರಿಸಿಲ್ಲೊ. ಸುಳ್ಳ ಸಹಿ ಆಕ್ಕೈತಿ."

ಮುಖಕ್ಕೆ ತಣ್ಣೀರು ಎರಚಿದ ಹಾಗಾಯ್ತು.

ಇದನ್ನೆಲ್ಲ ಕೇಳುತ್ತಾ ಕೂತಿದ್ದವಳು ಅವರ ಮೊಮ್ಮಗಳ ಮಗಳು, ಮೂರನೇ ಕ್ಲಾಸು. ನನ್ನ ಮೊಬೈಲಿನಲ್ಲಿ ಕ್ಯಾನ್‌ಬೆರಾದ ಫೋಟೋ ಹುಡುಕಿಸಿ, ಸಂಜೆಯೊಳಗೆ ಡ್ರಾಯಿಂಗ್ ಶೀಟಿನಲ್ಲಿ ಬರೆದೇಬಿಟ್ಟಳು. ಬಾಂಬುಗಳಿಗೆ ಕೆಂಪು ಬಣ್ಣ. ರೆಕ್ಕೆಯ ಕೆಳಗೆ ಒಬ್ಬ ಮನುಷ್ಯ, ವಿಮಾನದಷ್ಟೇ ಎತ್ತರ. "ಇದು ಅಜ್ಜ." ಬಾಂಬು ಕೆಂಪಿರೋದಿಲ್ಲ ಎಂದು ಮಾಮಾ ಅರ್ಧ ಗಂಟೆ ವಾದ ಮಾಡಿದರು. ಆಮೇಲೆ ಕೇಳದೆಯೇ ಪೆನ್ಸಿಲ್ ತೆಗೆದುಕೊಂಡು ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ಸರ್ವಿಸ್ ನಂಬರನ್ನೂ ಬರೆದರು. ಅರವತ್ತು ವರ್ಷದ ಹಿಂದಿನ ನಂಬರು, ಒಂದು ಕ್ಷಣವೂ ತಡೆಯಲಿಲ್ಲ. ಮೊನ್ನೆ ನನ್ನ ಹೆಸರಿಗೆ ತಡವರಿಸಿದ್ದರು.

"ಇನ್ನೊಂದ ಸಹಿ ಬೇಕಲ್ಲ" ಅಂದರು. ಆ ರಾತ್ರಿ ಟ್ರಾಲಿಯ ಇನ್ನೊಂದು ತುದಿ ಹಿಡಿದಿದ್ದವರು ಮುದ್ದೇಬಿಹಾಳದವರು.

ಮರುದಿನ ಕಾರಿನಲ್ಲಿ ಹೊರಟೆವು. ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ. ಬಾಗೇವಾಡಿಯಲ್ಲಿ ಬಸವಣ್ಣನ ಗುಡಿಗೆ ಹೋಗಿ, ಚಹಾ ಕುಡಿದೆವು. ಮಾಮಾ ಡ್ರಾಯಿಂಗ್ ಶೀಟನ್ನು ತೊಡೆಯ ಮೇಲಿನಿಂದ ಇಳಿಸಲೇ ಇಲ್ಲ. ಮುದ್ದೇಬಿಹಾಳದಲ್ಲಿ ಅವರ ಗೆಳೆಯರು ಅಂಗಳದ ಹೊರಸಿನ ಮೇಲೆ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಗಿದೆ. ಮಾಮಾ ದನಿ ಕೇಳಿ ಮುಖ ತಿರುಗಿಸಿ, "ಬಾರಪಾ, ಪಿನ್ನ ತಗದೀಯೇನು?" ಅಂದರು. ಬಾಂಬಿನ ಸೇಫ್ಟಿ ಪಿನ್ನು. ಆ ದಿನಗಳಲ್ಲಿ ಭೇಟಿಯಾದಾಗ ಹಾಗೇ ಕೇಳುತ್ತಿದ್ದರಂತೆ.

ಚಿತ್ರದಲ್ಲಿ ಏನೇನಿದೆ ಎಂದು ಮಾಮಾ ಒಂದೊಂದಾಗಿ ಹೇಳಿದರು. ಬಾಂಬು ಕೆಂಪು ಎಂದಾಗ ಇಬ್ಬರೂ ನಕ್ಕರು. ಕೈಗೆ ಪೆನ್ಸಿಲ್ ಕೊಟ್ಟು, ಮಾಮಾ ಅವರ ಮುಂಗೈ ಹಿಡಿದು ಅಂಚಿಗೆ ತಂದಿಟ್ಟರು. ಸಹಿ ಓರೆಯಾಗಿ ಮೇಲಕ್ಕೇರಿ ಮಾಮಾನ ಸರ್ವಿಸ್ ನಂಬರಿನ ಮೇಲೆ ಹಾದುಹೋಯಿತು.

ವಾಪಸ್ ಬರುವಾಗ ಬಾಗೇವಾಡಿಯಲ್ಲಿ ಫ್ರೇಮಿಗೆ ಕೊಟ್ಟೆವು. ಅಂಗಡಿಯವನು ಹಾಳೆ ತಿರುಗಿಸಿ ನೋಡಿ, "ಕೆಳಗ ಗೀಚ್ಯಾರಲ್ರಿ, ಅಷ್ಟ ಕಟ್ ಮಾಡ್ಲೇನ್ರಿ?" ಅಂದ. ಮಾಮಾ ಮೊದಲ ಸಲ ದನಿ ಏರಿಸಿದ್ದು ಆಗಲೇ.