ಹೇಳುವುದು ಯಾವಾಗ?

ಪೀಣ್ಯದ ಆ ಕಾರ್ಖಾನೆಯ ಪೇಂಟಿಂಗ್ ವಿಭಾಗದಲ್ಲಿ ಥಿನ್ನರ್ ವಾಸನೆ ಹೊಸದೇನಲ್ಲ. ಜೂನ್ ತಿಂಗಳಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಆಕೆ ಅದನ್ನು ಸಹಿಸಿಕೊಂಡೇ ಬಂದಿದ್ದಳು. ಆದರೆ 2018ರ ಅಕ್ಟೋಬರ್ ಮೊದಲ ವಾರದ ಒಂದು ಬೆಳಿಗ್ಗೆ, ಆ ಬಾಗಿಲ ಹತ್ತಿರ ಹೋಗುತ್ತಿದ್ದಂತೆಯೇ ಹೊಟ್ಟೆ ತೊಳಸಿ ಬಂತು. ಕೈಯಲ್ಲಿದ್ದ ತಪಾಸಣೆಯ ಹಾಳೆಗಳನ್ನು ಅಲ್ಲೇ ಒಂದು ಡಬ್ಬದ ಮೇಲಿಟ್ಟು ಹೆಂಗಸರ ಶೌಚಾಲಯಕ್ಕೆ ಓಡಿದಳು. ಮರಳಿ ಬಂದಾಗ ಜೊತೆಯ ಹುಡುಗಿ, "ಏನಕ್ಕಾ, ಕ್ಯಾಂಟೀನ್ ಚಿತ್ರಾನ್ನ ಒಗ್ಗಲಿಲ್ವಾ?" ಎಂದು ಕೇಳಿದಳು. "ಹೂಂ ಕಣೇ, ಎಣ್ಣೆ ಜಾಸ್ತಿಯಾಗಿತ್ತು" ಎಂದಳು ಆಕೆ. ಪಾಪ, ಚಿತ್ರಾನ್ನದ ತಪ್ಪೇನೂ ಇರಲಿಲ್ಲ.

ಮುಟ್ಟು ನಿಂತು ಎರಡು ವಾರ ದಾಟಿತ್ತು. ಗಂಡ ಮೆಡಿಕಲ್ ಶಾಪಿನಿಂದ ತಂದುಕೊಟ್ಟ ಪಟ್ಟಿಯಲ್ಲಿ ಎರಡು ಗೆರೆ ಮೂಡಿದ್ದವು. ವಿಷಯ ಗೊತ್ತಿದ್ದವರು ಮೂವರೇ: ಆಕೆ, ಗಂಡ, ತುಮಕೂರಿನಲ್ಲಿದ್ದ ಅಮ್ಮ. ಡಾಕ್ಟರು ಲೆಕ್ಕ ಹಾಕಿ ಮೇ ಕೊನೆಯ ವಾರ ಎಂದಿದ್ದರು. ಆಕೆ ಹಾಕಿದ ಲೆಕ್ಕವೇ ಬೇರೆ. ಆರು ತಿಂಗಳ ಪ್ರೊಬೇಷನ್ ಡಿಸೆಂಬರ್ 10ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ನಾಲ್ಕು ತಿಂಗಳು ತುಂಬಬಹುದಷ್ಟೆ. ದುಪಟ್ಟಾ ಸ್ವಲ್ಪ ಅಗಲವಾಗಿ ಹೊದ್ದುಕೊಂಡರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಕೆಲಸ ಕಾಯಂ ಆದ ಮರುದಿನ ಹೇಳಿದರೆ ಸಾಕಲ್ಲವೇ?

ಹೇಳಲು ಹೆದರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವರ್ಷ ಬೇರೊಂದು ಕಂಪನಿಯಲ್ಲಿದ್ದಾಗ ಆರನೇ ವಾರದಲ್ಲೇ ಸಂತೋಷ ತಡೆಯಲಾರದೆ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಮೈಸೂರು ಪಾಕನ್ನೂ ಹಂಚಿದ್ದಾಯಿತು. ಒಂಬತ್ತನೇ ವಾರದಲ್ಲಿ ಗರ್ಭ ನಿಲ್ಲಲಿಲ್ಲ. ನಾಲ್ಕು ದಿನ ರಜೆ ಹಾಕಿ, ಐದನೇ ದಿನ ಕೆಲಸಕ್ಕೆ ಹೋದಳು. ಆಮೇಲೆ ಎರಡು ತಿಂಗಳ ತನಕ ಒಬ್ಬರಲ್ಲ ಒಬ್ಬರು, ವಿಷಯ ತಿಳಿಯದವರು, "ಈಗೆಷ್ಟು ತಿಂಗಳು?" ಎಂದು ನಗುತ್ತಾ ಕೇಳುತ್ತಲೇ ಇದ್ದರು. ಪ್ರತಿ ಸಲವೂ ಉತ್ತರ ಹೇಳಬೇಕಾದವಳು ಆಕೆಯೇ. ಕೊನೆಗೆ ಆ ಕೆಲಸವನ್ನೇ ಬಿಟ್ಟಳು. ಗರ್ಭಪಾತವಾದರೆ ಆರು ವಾರ ಸಂಬಳದ ರಜೆ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಅದನ್ನು ಆಕೆಗೆ ಹೇಳಿದವರಿಲ್ಲ. ಆಕೆ ಕೇಳಿದ್ದೂ ಇಲ್ಲ.

"ಈ ಸಲ ಬಾಯಿ ಬಿಡ್ಬೇಡ ಕಣೇ" ಎಂದು ಅಮ್ಮ ಫೋನಿನಲ್ಲಿ ದಿನಾ ಹೇಳುತ್ತಿದ್ದರು. "ಮೂರು ತಿಂಗಳು ತುಂಬೋವರ್ಗೂ ಯಾರಿಗೂ ಗೊತ್ತಾಗ್ಬಾರ್ದು. ಕೆಲಸ ಕೊಟ್ಟೋರಿಗಂತೂ ಎಷ್ಟು ತಡವಾಗಿ ಗೊತ್ತಾದ್ರೆ ಅಷ್ಟು ಒಳ್ಳೇದು."

ದೃಷ್ಟಿ ತಗಲುತ್ತದೆಂಬ ಭಯ ಎಲ್ಲ ಅಮ್ಮಂದಿರಿಗೂ ಇರುವುದೇ. ಆದರೆ ಈ ಅಮ್ಮನ ಭಯಕ್ಕೆ ಬೇರೆ ಬೇರು ಇತ್ತು. 1991ರಲ್ಲಿ ಆಕೆ ತುಮಕೂರಿನ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಸ್ಟ್. ಹದಿನಾಲ್ಕು ಜನ ಕೆಲಸಕ್ಕಿದ್ದ ಕಚೇರಿ. ಸೀರೆಯ ನೆರಿಗೆಯನ್ನು ಸಡಿಲ ಮಾಡುತ್ತಾ, ಸೆರಗನ್ನು ಹೊದ್ದುಕೊಳ್ಳುತ್ತಾ ಏಳನೇ ತಿಂಗಳವರೆಗೆ ಬಸುರನ್ನು ಮುಚ್ಚಿಟ್ಟಿದ್ದರು. ಒಂದು ದಿನ ಮಾಲೀಕರೇ ಗಮನಿಸಿ, "ಮನೇಲಿ ವಿಶ್ರಾಂತಿ ತಗೊಳ್ಳಮ್ಮ, ಹೆರಿಗೆ ಆದ್ಮೇಲೆ ನೋಡೋಣ" ಎಂದರು. ಆ ತಿಂಗಳ ಸಂಬಳವನ್ನು ದಿನದ ಲೆಕ್ಕ ಹಾಕಿ ಕೊಟ್ಟರು. ಆಮೇಲೆ ನೋಡಲಿಲ್ಲ. ಆಗ ಹುಟ್ಟಿದ ಮಗುವೇ ಈಗ ಪೀಣ್ಯದಲ್ಲಿ ಥಿನ್ನರ್ ವಾಸನೆಗೆ ಮುಖ ತಿರುಗಿಸುತ್ತಿದ್ದಾಕೆ. "ನಿನ್ನಿಂದ ಕೆಲಸ ಹೋಯಿತು" ಎಂದು ಅಮ್ಮ ಒಂದು ದಿನವೂ ಅಂದವರಲ್ಲ. ಆದರೂ ಮಗಳಿಗೆ ಅದು ಗೊತ್ತಿತ್ತು.

ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿ, ಕಚೇರಿಗಳಿಗೂ 1961ರ ಕಾಯ್ದೆಯನ್ನು 1988ರ ತಿದ್ದುಪಡಿ ವಿಸ್ತರಿಸಿತ್ತು. ಅಮ್ಮನಿಗೆ ಹನ್ನೆರಡು ವಾರದ ಸಂಬಳ ಬರಬೇಕಾಗಿತ್ತು. ವಿಚಿತ್ರವೆಂದರೆ ಅದೇ 1991ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಒಂದು ಮೊಕದ್ದಮೆ ಇತ್ತು. ನೀರಾ ಮಾಥುರ್ ಎಂಬ ಮಹಿಳೆ ಜೀವ ವಿಮಾ ನಿಗಮದಲ್ಲಿ ಸಹಾಯಕಿಯಾಗಿ ಸೇರಿದ್ದರು. ಪ್ರೊಬೇಷನ್‌ನಲ್ಲಿದ್ದಾಗಲೇ ಹೆರಿಗೆ ರಜೆ ಕೇಳಿದರು, 1990ರ ಜನವರಿಯಲ್ಲಿ ಹೆತ್ತರು, ಮರುತಿಂಗಳೇ ಕೆಲಸದಿಂದ ತೆಗೆದರು. ಸೇರುವಾಗ ತುಂಬಿದ ಫಾರಂನಲ್ಲಿ ಸುಳ್ಳು ಹೇಳಿದ್ದಾರೆ ಎಂಬುದು ನಿಗಮದ ವಾದ. ಏನು ಆ ಫಾರಂ ಎಂದು ನ್ಯಾಯಾಲಯ ತರಿಸಿ ನೋಡಿದರೆ, ಮುಟ್ಟು ಸರಿಯಾಗಿ ಆಗುತ್ತದೆಯೇ, ಎಷ್ಟು ಸಲ ಗರ್ಭ ಧರಿಸಿದ್ದೀರಿ ಎಂಬಂಥ ಪ್ರಶ್ನೆಗಳು! ಆ ಕಲಂಗಳನ್ನು ತೆಗೆದುಹಾಕಬೇಕೆಂದೂ, ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದೂ ನ್ಯಾಯಾಲಯ ಹೇಳಿತು. ಆ ಸುದ್ದಿ ತುಮಕೂರಿನ ಟೈಪಿಸ್ಟ್ ಬಾಣಂತಿಯ ಕೋಣೆಗೆ ಬರಲಿಲ್ಲ.

ಮಗಳಿಗೂ ಇವೆಲ್ಲ ಗೊತ್ತಿದ್ದವೇ? ಆಕೆ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮೂರು ವರ್ಷದ ಪಾಲಿಟೆಕ್ನಿಕ್‌ನಲ್ಲಿ ಮೈಕ್ರೊಮೀಟರ್ ಹಿಡಿಯುವುದನ್ನು ಚೆನ್ನಾಗಿ ಕಲಿಸಿದ್ದರು. ನೇಮಕಾತಿ ಪತ್ರ ಓದುವುದನ್ನು ಯಾರೂ ಕಲಿಸಿರಲಿಲ್ಲ. ಪತ್ರ ಕೈಗೆ ಬಂದ ದಿನ, ಸೈಕಲ್ ಶಾಪ್ ಇಟ್ಟುಕೊಂಡಿದ್ದ ಅಪ್ಪ "22,000" ಎಂಬ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ ದೇವರ ಮುಂದಿಟ್ಟಿದ್ದರು. ಮಗಳಿಗೆ ಕೆಲಸ ಸಿಕ್ಕಿದಾಗ ಯಾವ ಮನೆಯಲ್ಲಿ ತಾನೇ ಮೂರನೇ ಪುಟ ಓದುತ್ತಾರೆ?

ಈಗ ಆಕೆ ರಾತ್ರಿ ಕೂತು ಮೂರನೇ ಪುಟ ಓದಿದಳು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೆರಿಗೆ ಸೌಲಭ್ಯದ ವಿವರವನ್ನು ಬರಹದಲ್ಲಿ ಕೊಡಬೇಕೆಂದು 2017ರ ತಿದ್ದುಪಡಿ ಹೇಳಿತ್ತು. ಅದರಂತೆ ಅಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ. ಪ್ರೊಬೇಷನ್ನಿನವರಿಗೆ ಇಲ್ಲ ಎಂದು ಎಲ್ಲೂ ಇರಲಿಲ್ಲ. (ಆ ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 80 ದಿನ, 26 ವಾರ ಎಂಬ ಲೆಕ್ಕ ಅದರಲ್ಲೂ ಹಾಗೆಯೇ ಉಳಿದಿದೆ.) ಆಕೆಯ ಸಂಬಳ 21,000 ದಾಟಿದ್ದರಿಂದ ಇಎಸ್‌ಐ ಇರಲಿಲ್ಲ, ಕಂಪನಿಯೇ ಕೊಡಬೇಕಾಗಿತ್ತು.

ಓದಿ ಮುಗಿಸಿದಾಗ ಧೈರ್ಯದ ಜೊತೆಗೆ ಒಂದು ಅನುಮಾನವೂ ಹುಟ್ಟಿತು. ರಜೆ ಯಾವಾಗಿನಿಂದ ಬೇಕೆಂದು ಬರೆದು ತಿಳಿಸಬೇಕೆಂದು ಕಾಯ್ದೆ ಹೇಳುತ್ತಿತ್ತೇ ಹೊರತು, ಬಸುರಾದ ಕೂಡಲೇ ತಿಳಿಸು ಎನ್ನುತ್ತಿರಲಿಲ್ಲ. ರಜೆಯಲ್ಲಿದ್ದಾಗ ತೆಗೆಯುವಂತಿಲ್ಲ, ಸರಿ. ಆದರೆ ಮೂರನೇ ತಿಂಗಳಲ್ಲಿ "ನಿನ್ನ ಕೆಲಸ ತೃಪ್ತಿಕರವಾಗಿಲ್ಲ" ಎಂದು ಪ್ರೊಬೇಷನ್ ಮುಗಿಸಿದರೆ, ಕಾರಣ ಬಸುರೇ ಎಂದು ಸಾಬೀತು ಮಾಡುವವರು ಯಾರು? ಕಾಯುವುದೇ ಜಾಣತನ ಎಂದು ಗಂಡನೂ ಅಂದ. ಕಾಯುವುದೆಂದೇ ತೀರ್ಮಾನವಾಯಿತು.

ಆ ತೀರ್ಮಾನ ಆಯುಧಪೂಜೆಯ ಹಿಂದಿನ ದಿನದವರೆಗೆ ಮಾತ್ರ ಉಳಿಯಿತು. ಅವತ್ತು ಮಧ್ಯಾಹ್ನ ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಒರೆಸಿ, ತೊಳೆದು ಮಾಡುವುದು ರೂಢಿ. ಸೂಪರ್‌ವೈಸರ್ ಒಬ್ಬೊಬ್ಬರಿಗೂ ಒಂದೊಂದು ಜಾಗ ಹಂಚುತ್ತಾ ಬಂದರು. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. "ನೀನು ಪೇಂಟ್ ಬೂತ್ ನೋಡ್ಕೊಳ್ಳಮ್ಮ. ಥಿನ್ನರ್ ಹಾಕಿ ಒರೆಸಿದ್ರೆ ಬರುತ್ತೆ" ಎಂದು ಬಟ್ಟೆ ಚಿಂದಿ ಕೈಗೆ ಕೊಟ್ಟರು. ಮುಚ್ಚಿದ ಬೂತ್, ಎರಡು ಗಂಟೆಯ ಕೆಲಸ. ತಲೆನೋವು ಎನ್ನಬಹುದಿತ್ತು. ಚಿತ್ರಾನ್ನದಂಥ ಇನ್ನೊಂದು ನೆಪ ಹುಡುಕಬಹುದಿತ್ತು. ಇಂಥ ನೆಪಗಳನ್ನು ಡಿಸೆಂಬರ್‌ವರೆಗೆ ದಿನಕ್ಕೊಂದರಂತೆ ಎಲ್ಲಿಂದ ತರುವುದು? ಅದೂ ಅಲ್ಲದೆ, ಕೆಲಸ ತಪ್ಪಿಸಿಕೊಳ್ಳುವವಳು ಎಂಬ ಹೆಸರು ಬಂದರೆ ಪ್ರೊಬೇಷನ್‌ಗೆ ಅದೇ ಸಾಕು.

"ಸಾರ್, ಆಗಲ್ಲ. ನಂಗೆ ಎರಡು ತಿಂಗಳು" ಎಂದಳು.

ಅವರು ಒಂದು ಕ್ಷಣ ಸುಮ್ಮನಿದ್ದು, "ಬೆಳಿಗ್ಗೆ ಏನಾದ್ರೂ ತಿಂದಿದ್ದೀಯಾ?" ಎಂದರು. ಚಿಂದಿಯನ್ನು ವಾಪಸು ತೆಗೆದುಕೊಂಡರು. "ಆಫೀಸ್‌ನಲ್ಲಿ ಈಗ್ಲೇ ಹೇಳ್ಬೇಡ, ಸ್ಕ್ಯಾನಿಂಗ್ ಆಗ್ಲಿ. ನಾಳೆಯಿಂದ ಗೇಜ್ ರೂಮಿಗೆ ಹಾಕ್ತೀನಿ, ಅಲ್ಲಿ ಕೂತು ಮಾಡೋ ಕೆಲಸ. ಕೇಳಿದ್ರೆ ನಾನು ಹೇಳ್ಕೋತೀನಿ." ಎರಡು ಹೆಜ್ಜೆ ಹೋದವರು ತಿರುಗಿ ಬಂದು, "ನಾಳೆ ಬೂದುಗುಂಬಳ ಒಡೆಯೋ ಹತ್ರ ನಿಲ್ಬೇಡ" ಎಂದರು.

ನವೆಂಬರ್ ಎರಡನೇ ವಾರ ಸ್ಕ್ಯಾನಿಂಗ್ ಆಯಿತು. ಎಲ್ಲ ಸರಿಯಾಗಿದೆ ಎಂದರು. ಪ್ರೊಬೇಷನ್ ಮುಗಿಯಲು ಉಳಿದದ್ದು ನಾಲ್ಕೇ ವಾರ. "ಇಷ್ಟು ದಿನ ಕಾದಿದ್ದೀಯ, ಇನ್ನೊಂದು ತಿಂಗಳು ತಡಿಯೇ" ಎಂದು ಅಮ್ಮ ಬೇಡಿಕೊಂಡರು. ಆಕೆಗೆ ಬೇರೆಯದೇ ಕೊರೆಯುತ್ತಿತ್ತು. ಗೇಜ್ ರೂಮಿನಲ್ಲಿ ತಾನು ಕೂತಿರುವುದು ಒಬ್ಬರ ಬಾಯಿ ಮಾತಿನ ಮೇಲೆ. ನಾಳೆ ಮೇಲಿನವರು ಯಾಕೆ ಎಂದರೆ ಆ ಮನುಷ್ಯ ತನಗಾಗಿ ಸುಳ್ಳು ಹೇಳಬೇಕು. ಮುಂದಿನ ಸೋಮವಾರ ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿ ಕೊಟ್ಟಳು. ಇನ್ನೊಂದು ಪ್ರತಿಯ ಮೇಲೆ ತಾರೀಕು ಸಹಿತ ಸಹಿ ಹಾಕಿಸಿಕೊಂಡಳು. ಅದನ್ನು ಹೇಳಿಕೊಟ್ಟವರೂ ಸೂಪರ್‌ವೈಸರೇ.

ಆಫೀಸಿನವರು ನಕ್ಕು ಅಭಿನಂದಿಸಿದರು. ಡಿಸೆಂಬರ್ 10ರಂದು ಬಂದ ಪತ್ರದಲ್ಲಿ ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದೆ ಹೋಗಿತ್ತು. ಆಕೆಯ ಜೊತೆಗೇ ಸೇರಿದ್ದ ಇಬ್ಬರು ಹುಡುಗರು ಕಾಯಂ ಆಗಿದ್ದರು. "ನನ್ನ ಯಾವ ಕೆಲಸದಲ್ಲಿ ಕೊರತೆ ಕಂಡಿತು, ದಯವಿಟ್ಟು ತಿಳಿಸಿ" ಎಂದು ಆಕೆ ಎರಡು ಸಾಲು ಬರೆದು ಕೊಟ್ಟು, ಅದಕ್ಕೂ ಸಹಿ ಪಡೆದಳು. ಉತ್ತರ ಬರಲಿಲ್ಲ. ಮಾರ್ಚ್‌ನಲ್ಲಿ, ಅದೇ ಗೇಜ್ ರೂಮಿನ ಅದೇ ಕೆಲಸಕ್ಕೆ, ಕಾಯಂ ಆದ ಪತ್ರ ಮಾತ್ರ ಬಂತು. ಕಾಯಂ ಆದವರಿಗೆ ಜನವರಿಯಿಂದ ಸಿಕ್ಕಿದ್ದ 1,200 ರೂಪಾಯಿ ಏರಿಕೆ ಆಕೆಗೆ ಆ ವರ್ಷ ಸಿಗಲೇ ಇಲ್ಲ. ಏಪ್ರಿಲ್ ಕೊನೆಯ ವಾರ ರಜೆಯ ಮೇಲೆ ತುಮಕೂರಿಗೆ ಹೋದಳು. ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ರಜೆಯ ಸಂಬಳ ತಪ್ಪದೆ ಬಂತು.

ಬಾಣಂತನದ ಒಂದು ಬೆಳಿಗ್ಗೆ, ಮಗುವಿಗೆ ಎಣ್ಣೆ ತಿಕ್ಕುತ್ತಾ ಅಮ್ಮ ಕೇಳಿದರು: "ಒಂದು ತಿಂಗಳು ತಡೆದು ಹೇಳಿದ್ರೆ ಆ ಏರಿಕೆ ಸಿಕ್ತಿತ್ತು ಅಲ್ವೇನೇ?"

"ಸಿಕ್ತಿತ್ತಮ್ಮ."

"ಮತ್ತೆ ಆ ಸೂಪರ್‌ವೈಸರ್‌ಗೆ ಅವತ್ತೇ ಯಾಕೆ ಹೇಳಿದೆ? ಕೇಳಿದ ಕೂಡ್ಲೇ ಏನಂದ್ರು ಅವ್ರು?"

"ಬೆಳಿಗ್ಗೆ ಏನಾದ್ರೂ ತಿಂದಿದ್ದೀಯಾ ಅಂದ್ರು."

ಅಮ್ಮನ ಕೈ ಮಗುವಿನ ಬೆನ್ನ ಮೇಲೆ ಹಾಗೇ ನಿಂತಿತು. ಆಮೇಲೆ, "ನೀರು ಕಾದಿರುತ್ತೆ, ನೋಡ್ತೀನಿ" ಎಂದು ಮಗುವನ್ನು ಮಗಳ ಕಾಲ ಮೇಲೆ ಮಲಗಿಸಿ, ಬಚ್ಚಲುಮನೆಯ ಕಡೆ ಎದ್ದು ಹೋದರು.