ಎರಡು ಕಾಲಂಗಳ ಲೆಕ್ಕ

ಕಳೆದ ವರ್ಷ ನಮ್ಮ ತರಗತಿ ಪ್ರತಿನಿಧಿಯ ಚುನಾವಣೆಗೆ ನನ್ನ ಗೆಳೆಯ ನಿಂತಿದ್ದ. ಅವನ ಮನೆಯೂ ನನ್ನ ಮನೆಯಂತೆ ಗಂಗಾನಗರದಲ್ಲೇ, ಮನೆಮಾತು ಉರ್ದು. ಎದುರಿಗೆ ಕನ್ನಡ ಮನೆಮಾತಿನ ಒಬ್ಬ ಹುಡುಗಿ. ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ‘ನಮ್ಮವರು’, ಬಲಕ್ಕೆ ‘ಬೇರೆಯವರು’ ಎಂದು ಬರೆದೆ. ಹಾಜರಿಯಲ್ಲಿ ಕೂಗುವ ಹೆಸರುಗಳನ್ನು ನೆನಪಿಸಿಕೊಂಡು ಹಂಚಿದೆ. ಎಡಕ್ಕೆ 41, ಬಲಕ್ಕೆ 23. ಒಟ್ಟು 64, ಸರಿಹೊಂದಿತು.

“ಇನ್ನು ಪ್ರಚಾರ ಯಾಕೆ? ನಮ್ಮವರು ಒಟ್ಟಿಗಿದ್ದರೆ ಸಾಕು” ಎಂದೆ. ಎಲ್ಲರೂ ಒಪ್ಪಿದರು.

ಮರುದಿನ ನನ್ನ ಬೆಂಚಿನ ಗೆಳೆಯ ಒಂದು ಲೆಕ್ಕ ನೋಡಿಕೊಳ್ಳಲು ನೋಟ್‌ಬುಕ್ ಕೇಳಿದ. ಅವನು ಯಾದಗಿರಿ ಕಡೆಯವನು. ನನಗಿಂತ ಸೊಗಸಾಗಿ ದಖನಿ ಮಾತಾಡುತ್ತಾನೆ. ಹೆಸರು ನೋಡಿ ಅವನನ್ನು ಬಲಗಡೆ ಬರೆದಿದ್ದೆ. ಪುಟ ತಿರುಗಿಸುತ್ತಾ ಅವನು ಕೊನೆಯ ಹಾಳೆಗೆ ಬಂದ. ಜಗಳ ಮಾಡಲಿಲ್ಲ. “ನನ್ನನ್ನು ಒಂದು ಮಾತು ಕೇಳಲೇ ಇಲ್ಲವಲ್ಲ” ಎಂದಷ್ಟೇ ಹೇಳಿ ನೋಟ್‌ಬುಕ್ ಮುಚ್ಚಿಕೊಟ್ಟ. ನನಗೆ ಉತ್ತರ ಹೊಳೆಯಲಿಲ್ಲ.

ಫಲಿತಾಂಶ ಬಂತು. ನಮಗೆ 29, ಆ ಹುಡುಗಿಗೆ 34, ಒಂದು ಅಸಿಂಧು. ನಮ್ಮ ಕಾಲಂನಲ್ಲೇ ಕನಿಷ್ಠ ಹನ್ನೆರಡು ಮತ ಕಡಿಮೆ! ಯಾರು ಕೈಕೊಟ್ಟರು ಎಂದು ಗೆಳೆಯರು ಹುಡುಕತೊಡಗಿದರು. ಚೀಟಿಗಳೆಲ್ಲ ಬೆರೆತುಹೋಗಿದ್ದವು, ಗೊತ್ತಾಗಲಿಲ್ಲ.

ರಾತ್ರಿ ಅಬ್ಬಾಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಖರ್ಗೆ ಸಾಹೇಬರು ನಿಮ್ಮ ಕ್ಲಾಸಿನಲ್ಲಿದ್ದರೆ ಅವರನ್ನು ಯಾವ ಕಡೆ ಬರೆಯುತ್ತಿದ್ದೆ?”

2022ರ ಅಕ್ಟೋಬರ್ ನನಗೆ ನೆನಪಿದೆ, ಆಗ ಒಂಬತ್ತನೇ ತರಗತಿ. ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮಲ್ಲಿಕಾರ್ಜುನ ಖರ್ಗೆ ಮತ್ತು ಶಶಿ ತರೂರ್ ನಡುವೆ ಸ್ಪರ್ಧೆ. 17ರಂದು ಮತದಾನ. ಪಾದಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ನಮ್ಮ ಬಳ್ಳಾರಿಯ ಸಂಗನಕಲ್ಲಿನಲ್ಲೇ ಮತ ಹಾಕಿದರು. ದಲಿತ ನಾಯಕ ಅಧ್ಯಕ್ಷರಾದರೆ ಎಷ್ಟು ಮತ ಬರುತ್ತದೆ, ದಕ್ಷಿಣದವರಾದರೆ ಉತ್ತರದಲ್ಲಿ ಏನಾಗುತ್ತದೆ ಎಂದು ಟಿವಿಯಲ್ಲಿ ದಿನವೂ ಚರ್ಚೆ. ನಾನು ಕಾಲಂ ಹಾಕುವುದನ್ನು ಕಲಿತದ್ದು ಬಹುಶಃ ಅಲ್ಲೇ.

ಖರ್ಗೆಯವರು ಹುಟ್ಟಿದ್ದು 1942ರಲ್ಲಿ, ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ. ಚಿಕ್ಕಂದಿನಲ್ಲೇ ರಜಾಕಾರರ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡರು. ಆಮೇಲೆ ಬೆಳೆದದ್ದು ಕಲಬುರಗಿಯಲ್ಲಿ. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಇಂದಿಗೂ ಕನ್ನಡದಷ್ಟೇ ಸಲೀಸಾಗಿ ಉರ್ದು ಮಾತಾಡುತ್ತಾರೆ. ದಲಿತರು, ಕನ್ನಡಿಗರು, ಉರ್ದು ಬಲ್ಲವರು, ಐವತ್ತು ವರ್ಷದ ರಾಜಕಾರಣಿ. ನನ್ನ ಎರಡು ಕಾಲಂ ಅವರಿಗೆ ಸಾಲುವುದಿಲ್ಲ. ನನ್ನ ಬೆಂಚಿನ ಗೆಳೆಯನಿಗೂ ಸಾಲಲಿಲ್ಲ.

ಆ ಚುನಾವಣೆಯ ಒಂದು ವಿಷಯವನ್ನು ಆಮೇಲೆ ಓದಿ ತಿಳಿದೆ. ಎಲ್ಲ ರಾಜ್ಯಗಳ ಮತಪತ್ರಗಳನ್ನು ಬೆರೆಸಿದ ಮೇಲೆಯೇ ಎಣಿಸಿದರಂತೆ. ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072, ಅಸಿಂಧು 416. ಯಾವ ರಾಜ್ಯದವರು ಯಾರಿಗೆ ಹಾಕಿದರೆಂದು ಯಾರೂ ಬೆರಳು ತೋರಿಸುವ ಹಾಗಿಲ್ಲ. ನಮ್ಮ ಚೀಟಿಗಳು ಬೆರೆತದ್ದೂ ಒಳ್ಳೆಯದೇ ಆಯಿತು ಎನ್ನಿಸಿತು.

ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರೆಂದು ನಿರ್ಧರಿಸಲು ರಾಜ್ಯ ರಾಜ್ಯಗಳಲ್ಲೂ ಸ್ಪರ್ಧೆ ನಡೆಯುತ್ತದೆ. 2008ರಲ್ಲಿ ಬರಾಕ್ ಒಬಾಮ ಮೊದಲು ಗೆದ್ದದ್ದು ಜನವರಿ 3ರಂದು, ಹತ್ತರಲ್ಲಿ ಒಂಬತ್ತು ಮಂದಿ ಬಿಳಿಯರಿದ್ದ ಅಯೋವಾದಲ್ಲಿ. ಕಪ್ಪು ಮತದಾರರು ಹೆಚ್ಚಿದ್ದ ಸೌತ್ ಕೆರೊಲಿನಾವನ್ನು ಗೆದ್ದದ್ದು ಆಮೇಲೆ, 26ರಂದು. ಪುಟ್ಟ ಐಡಾಹೋ ರಾಜ್ಯವನ್ನೂ ಅವರು ಬಿಡಲಿಲ್ಲ. ಅಲ್ಲಿ ಅವರಿಗೆ ಸಿಕ್ಕ ಮುನ್ನಡೆ 12 ಪ್ರತಿನಿಧಿಗಳು. ದೊಡ್ಡ ನ್ಯೂಜೆರ್ಸಿಯನ್ನು ಗೆದ್ದ ಹಿಲರಿ ಕ್ಲಿಂಟನ್ ಅವರಿಗೆ ಸಿಕ್ಕದ್ದು 11. ಅವರೂ ಲೆಕ್ಕ ಹಾಕಿದವರೇ. ಆದರೆ ‘ಇವರು ನಮಗೆ ಹಾಕುವುದಿಲ್ಲ’ ಎಂದು ನಾವು ಬಿಟ್ಟುಬಿಡುವ ಕಡೆಗೇ ಹೋಗಿ ಮತ ಕೇಳಿದರು.

ಕಾಮರ್ಸ್ ಗೆಳೆಯರಿಗೆ ಗೊತ್ತು, ಟ್ರಯಲ್ ಬ್ಯಾಲೆನ್ಸ್ ಸರಿಹೊಂದಿದರೂ ಒಳಗೆ ತಪ್ಪಿರಬಹುದು. ಮೊತ್ತ ಸರಿ, ಬರೆದ ಖಾತೆ ತಪ್ಪು. ಇದಕ್ಕೆ ಎರರ್ ಆಫ್ ಕಮಿಷನ್ ಎನ್ನುತ್ತಾರೆ. ನನ್ನ 64 ಕೂಡ ಅಂಥದ್ದೇ.

ಈ ವರ್ಷವೂ ಚುನಾವಣೆ ಬಂತು. ನನ್ನ ಬೆಂಚಿನ ಗೆಳೆಯನೇ ನಿಂತಿದ್ದಾನೆ. ಲೆಕ್ಕ ಬರೆದುಕೊಡಲೇ ಎಂದು ಕೇಳಿದೆ. “ಲೆಕ್ಕ ಬೇಡ, ಜೊತೆಗೆ ಬಾ, ಎಲ್ಲ ಬೆಂಚಿಗೂ ಹೋಗಿ ಕೇಳೋಣ” ಎಂದ. ನಿನ್ನೆ ಕೊನೆಯ ಸಾಲಿನವರೆಗೆ ಹೋಗಿ ಬಂದೆವು. ಗೆಲ್ಲುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಕೂತವರಲ್ಲಿ ಏಳು ಜನರ ಜೊತೆ ನಾನು ಮೊದಲ ಸಲ ಮಾತಾಡಿದ್ದು ನಿನ್ನೆಯೇ.