ಕಲ್ಲು ತೆಗೆದರೆ ಸಾಲದೇ?

ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶದ ಕಲ್ಲು ಕಂಡು, ಆಪರೇಷನ್ ಮಾತು ಬಂದೊಡನೆ ಮನೆಯವರು ಕೇಳುವ ಪ್ರಶ್ನೆ ಒಂದೇ: "ಕಲ್ಲನ್ನಷ್ಟೇ ತೆಗೀರಿ ಡಾಕ್ಟ್ರೇ, ಚೀಲ ಯಾಕೆ ತೆಗೀಬೇಕು?" ಪ್ರಶ್ನೆ ನ್ಯಾಯವಾದದ್ದೇ. ದೇಹದ ಅಂಗವೊಂದನ್ನು ಕಳೆದುಕೊಳ್ಳಲು ಯಾರಿಗೆ ತಾನೇ ಮನಸ್ಸಾದೀತು?

ಯಕೃತ್ತು ತಯಾರಿಸುವ ಪಿತ್ತರಸವನ್ನು ಕೂಡಿಟ್ಟು, ಸಾಂದ್ರಗೊಳಿಸಿ, ಜಿಡ್ಡಿನ ಆಹಾರ ಬಂದಾಗ ಸಣ್ಣ ಕರುಳಿಗೆ ಹರಿಸುವ ಪುಟ್ಟ ಚೀಲವೇ ಪಿತ್ತಕೋಶ. ಅದು ಹಿಡಿಸುವುದು 30ರಿಂದ 50 ಮಿಲಿಲೀಟರ್ ಅಷ್ಟೆ. ರಸದಲ್ಲಿ ಕೊಲೆಸ್ಟರಾಲ್ ಮಿತಿಮೀರಿದರೆ, ಸಕ್ಕರೆ ಪಾಕ ಆರಿದಾಗ ಹರಳು ಕೂರುವಂತೆ, ಅದೂ ಹರಳುಗಟ್ಟಿ ಕಲ್ಲಾಗುತ್ತದೆ. ಪಿತ್ತದ ವರ್ಣದ್ರವ್ಯದಿಂದಾಗುವ ಕಪ್ಪು ಕಲ್ಲುಗಳೂ ಉಂಟು.

ಮನೆಯವರ ಪ್ರಶ್ನೆಗೆ 1882ರಲ್ಲೇ ಉತ್ತರ ಕೊಟ್ಟವನು ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಖ್. ಚೀಲವನ್ನು ಸೀಳಿ ಕಲ್ಲಷ್ಟೇ ತೆಗೆದರೆ ಮತ್ತೆ ಕಲ್ಲು ಬೆಳೆಯುತ್ತದೆ. ಕಲ್ಲನ್ನು ಹುಟ್ಟಿಸುವುದೇ ಆ ಚೀಲ ಎಂಬುದು ಅವನ ವಾದ. ಆ ವರ್ಷ ಜುಲೈ 15ರಂದು ಅವನು ರೋಗಿಯೊಬ್ಬನ ಪಿತ್ತಕೋಶವನ್ನೇ ತೆಗೆದ, ರೋಗಿ ಗುಣವಾದ. ಕುದುರೆಗೂ ಆನೆಗೂ ಈ ಚೀಲವೇ ಇಲ್ಲ! ಅದಿಲ್ಲದಾಗ ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಕೆಲಕಾಲ ಭೇದಿಯಾಗಬಹುದು, ಅಷ್ಟೆ.

ಮಾತ್ರೆಯ ದಾರಿಯೂ ಉಂಟು. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಕರಗಿಸಬಲ್ಲದು; ಕಪ್ಪು ಕಲ್ಲು ಅದಕ್ಕೆ ಜಗ್ಗದು. ಕರಗಿದರೂ ಚೀಲ ಉಳಿದಿರುತ್ತದಲ್ಲ? ಸುಮಾರು ಅರ್ಧದಷ್ಟು ಜನರಲ್ಲಿ ಐದು ವರ್ಷದೊಳಗೆ ಕಲ್ಲು ಮರಳುತ್ತದೆ. ಧ್ವನಿ ತರಂಗಗಳಿಂದ ಪುಡಿಮಾಡುವ ವಿಧಾನಕ್ಕೂ ಇದೇ ಕೊರತೆ. ಇನ್ನು ಬಾಳೆದಿಂಡಿನ ರಸ: ಜನ ಅದನ್ನು ಕುಡಿಯುವುದು ಮೂತ್ರದ ಕಲ್ಲಿಗೆಂದು. ಪಿತ್ತದ ಹಾದಿಯೇ ಬೇರೆ, ಮೂತ್ರದ ಹಾದಿಯೇ ಬೇರೆ.

ಹಾಗೆಂದು ಕಲ್ಲಿದ್ದವರೆಲ್ಲ ಆಪರೇಷನ್ನಿಗೆ ಓಡಬೇಕಿಲ್ಲ. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಅದರ ಪಾಡಿಗೆ ಬಿಡುತ್ತಾರೆ. ಆದರೆ ಊಟದ ನಂತರ ಬಲ ಪಕ್ಕೆಲುಬಿನ ಕೆಳಗೆ ಮತ್ತೆ ಮತ್ತೆ ನೋವು ಬಂದರೆ ಉದಾಸೀನ ಸಲ್ಲದು. ಕಲ್ಲು ನಾಳಕ್ಕೆ ಜಾರಿದರೆ ಕಾಮಾಲೆ, ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಜ್ವರವೋ ಹಳದಿ ಕಣ್ಣೋ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಲ್ಯಾಪರೋಸ್ಕೋಪ್ ವಿಧಾನ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರಿಂದ ಭಾರತಕ್ಕೂ ಬಂತು. ಈಗ ಮೂರು ನಾಲ್ಕು ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿಯುತ್ತದೆ; ಬಹುತೇಕರು ಒಂದೆರಡು ದಿನದಲ್ಲಿ ಮನೆಗೆ ಮರಳುತ್ತಾರೆ.

ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ನೋವು ನುಂಗಿಕೊಳ್ಳುವ ತಾಯಂದಿರು ನಮ್ಮಲ್ಲಿ ಬಹಳ. ಜೀವಶಾಸ್ತ್ರದ ಪುಸ್ತಕದಲ್ಲಿ ಪಿತ್ತಕೋಶದ ಚಿತ್ರ ಬರೆದು ಭಾಗ ಗುರುತಿಸಿದ ಮಗನೋ ಮಗಳೋ ಅಮ್ಮನನ್ನು ಒಮ್ಮೆ ಕೇಳಲಿ: "ನೋವು ಎಲ್ಲಮ್ಮಾ?"